ಪಟಾಕಿ ಸಿಡಿದಾಗ ಕತ್ತು ಕುಗ್ಗುವುದೇಕೆ?

ಬಲಿಪಾಡ್ಯಮಿ ಬಂತೆಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಹೋರಿ ಹಬ್ಬದ್ದೇ ಮಾತು. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಮೈಮೇಲೆ ಬಣ್ಣದ ಝೂಲ ಹೊತ್ತ ಹೋರಿ ಅಖಾಡದ ಬಾಯಿಗೆ ಬಂದು ನಿಲ್ಲುತ್ತದೆ. ಇಕ್ಕೆಲದಲ್ಲಿ ಕಿಕ್ಕಿರಿದ ಜನ. ಅಷ್ಟರಲ್ಲಿ ಯಾರೋ ಹಚ್ಚಿದ ಪಟಾಕಿ ‘ಢಂ’ ಎನ್ನುತ್ತದೆ. ಆಗ ಹೋರಿಯನ್ನು ಬಿಟ್ಟು ಜನರ ಕಡೆ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಟವೆಲ್ಲು ಹೊದ್ದ ಹಿರಿಯರು, ಮಾಳಿಗೆ ಏರಿ ಕುಳಿತ ಹುಡುಗರು, ಕಂಕುಳಲ್ಲಿ ಕೂಸನ್ನೆತ್ತಿಕೊಂಡ ತಾಯಿ, ಕೊಬ್ಬರಿ ಹರಿಯಲು ತೋಳೇರಿಸಿ ನಿಂತ ಗಟ್ಟಿಗ – ಎಲ್ಲರ ಕಣ್ಣೂ ಒಮ್ಮೆಲೇ ಮುಚ್ಚುತ್ತವೆ, ಹೆಗಲು ಮೇಲೇರುತ್ತವೆ, ಕತ್ತು ಆಮೆಯ ಕತ್ತಿನಂತೆ ಒಳಸರಿಯುತ್ತದೆ.

ಮರುಗಳಿಗೆ ನಗು. “ಯಾಕಲೇ ತಮ್ಮಾ, ಇಷ್ಟಕ್ಕ ಹೆದರಿದ್ಯಾ?” ಎಂದು ಒಬ್ಬ ಇನ್ನೊಬ್ಬನನ್ನು ಹಂಗಿಸುತ್ತಾನೆ. ಹಂಗಿಸಿದವನ ಕತ್ತೂ ಕುಗ್ಗಿತ್ತು. ಅದು ಅವನಿಗೆ ಗೊತ್ತಾಗಿರುವುದಿಲ್ಲ, ಅಷ್ಟೆ!

ಪರಾವರ್ತಿತ ಕ್ರಿಯೆ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಬಿಸಿ ಪಾತ್ರೆ ಮುಟ್ಟಿ ಸರಕ್ಕನೆ ಹಿಂದೆ ಬರುವ ಕೈ. ಪರೀಕ್ಷೆಗೂ ಅದೇ ಚಿತ್ರ ಬರುತ್ತದೆ. ಅಲ್ಲಿ ಕೆಲಸ ಮಾಡುವುದು ಮಿದುಳುಬಳ್ಳಿ. ಬೆಚ್ಚುವಿಕೆಯ ದಾರಿ ತುಸು ಬೇರೆ. ಕಿವಿಯಿಂದ ಹೊರಟ ಸಂದೇಶ ಮಿದುಳಿನ ಕಾಂಡಕ್ಕೆ, ಅದರಲ್ಲೂ ‘ಪಾನ್ಸ್’ ಎಂಬ ಭಾಗದ ಕೆಳತುದಿಯಲ್ಲಿರುವ ದೊಡ್ಡ ನರಕೋಶಗಳ ಗುಂಪಿಗೆ ತಲುಪುತ್ತದೆ. ಅಲ್ಲಿಂದ ಆಜ್ಞೆ ನೇರವಾಗಿ ಕೆಳಗೆ, ಕತ್ತು ಮತ್ತು ಹೆಗಲಿನ ಸ್ನಾಯುಗಳಿಗೆ ಹೋಗುತ್ತದೆ. ನಡುವೆ ದಾಟಬೇಕಾದ ನರಕೋಶಗಳು ಕೆಲವೇ ಕೆಲವು. ಯೋಚಿಸುವ ಮಿದುಳನ್ನು ಯಾರೂ ಕೇಳುವುದೇ ಇಲ್ಲ. ಸುದ್ದಿ ಅಲ್ಲಿಗೆ ಮುಟ್ಟಿ, ‘ಓ, ಇದು ಪಟಾಕಿ’ ಎಂದು ತಿಳಿಯುವ ಹೊತ್ತಿಗೆ ಕತ್ತು ಕುಗ್ಗಿ ಆಗಿರುತ್ತದೆ.

ಈ ವೇಗವನ್ನು ಅಳೆದಿದ್ದಾರೆ. ಸೆಕೆಂಡಿನ ಸಾವಿರದ ಒಂದು ಪಾಲಿಗೆ ಮಿಲಿಸೆಕೆಂಡ್ ಎನ್ನುತ್ತಾರೆ. ಸದ್ದು ಕಿವಿಗೆ ಬಿದ್ದ ಸುಮಾರು 40 ಮಿಲಿಸೆಕೆಂಡಿಗೆ ರೆಪ್ಪೆಯ ಸ್ನಾಯು ಬಿಗಿಯುತ್ತದೆ. 60ರ ಆಸುಪಾಸಿನಲ್ಲಿ ಕತ್ತಿನ ಇಬ್ಬದಿಯ ಸ್ನಾಯುಗಳು. ಆಮೇಲೆ ತೋಳು, ಸೊಂಟ, ಕಾಲು. ಓಟದ ಪಂದ್ಯದ ನಿಯಮವೊಂದು ಇಲ್ಲಿ ನೆನಪಿಗೆ ಬರುತ್ತದೆ. ಪಿಸ್ತೂಲಿನ ಸದ್ದಾಗಿ 100 ಮಿಲಿಸೆಕೆಂಡಿನೊಳಗೆ ಓಟಗಾರ ಹೊರಟರೆ ಅದನ್ನು ತಪ್ಪು ಆರಂಭವೆಂದು ಎಣಿಸುತ್ತಾರೆ. ಸದ್ದು ಕೇಳಿ ಹೊರಡಲು ಮನುಷ್ಯನಿಗೆ ಅಷ್ಟಾದರೂ ಸಮಯ ಬೇಕು ಎಂಬ ಲೆಕ್ಕ ಅದು. ಕತ್ತು ಅದಕ್ಕೂ ಮೊದಲೇ ತನ್ನ ಕೆಲಸ ಮುಗಿಸಿರುತ್ತದೆ.

ಕತ್ತೇ ಏಕೆ? ಸುಮಾರು ಐದು ಕಿಲೋ ತೂಗುವ ತಲೆಯನ್ನು ಹೊತ್ತ ಈ ಸಣ್ಣ ಕಂಬದೊಳಗೆ ಮಿದುಳುಬಳ್ಳಿ, ಮಿದುಳಿಗೆ ಹೋಗುವ ರಕ್ತನಾಳಗಳು, ಶ್ವಾಸನಾಳ ಎಲ್ಲವೂ ಇವೆ. ಎದೆಗೆ ಪಕ್ಕೆಲುಬಿನ ಗೂಡಿದ್ದಂತೆ ಇದಕ್ಕೆ ಕಾವಲಿಲ್ಲ. ಹೆಗಲೇರಿಸಿ, ಗದ್ದವನ್ನು ಎದೆಗೆ ಒತ್ತಿ, ಕಣ್ಣು ಮುಚ್ಚುವ ಭಂಗಿ ಹಿಂದಿನಿಂದ ಬೀಳುವ ಪೆಟ್ಟಿಗೆ ಒಡ್ಡಿದ ಗುರಾಣಿ ಎಂಬುದು ವಿಜ್ಞಾನಿಗಳ ವಿವರಣೆ.

ಧೈರ್ಯದಿಂದ ಇದನ್ನು ತಡೆಯಲಾದೀತೆ? ಚಾರ್ಲ್ಸ್ ಡಾರ್ವಿನ್ ಪ್ರಯತ್ನಿಸಿ ಸೋತ ಕಥೆಯನ್ನು ಅವರೇ 1872ರ ಪುಸ್ತಕದಲ್ಲಿ ಬರೆದಿದ್ದಾರೆ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ವಿಷದ ಹಾವಿದ್ದ ದಪ್ಪ ಗಾಜಿನ ಪೆಟ್ಟಿಗೆಗೆ ಮುಖವೊಡ್ಡಿ, ಹಾವು ಎರಗಿದರೂ ಹಿಂದೆ ಸರಿಯಲಾರೆ ಎಂದು ಪಣತೊಟ್ಟು ನಿಂತರು. ಹಾವು ಗಾಜಿಗೆ ಬಡಿದೊಡನೆ ಪಣ ಎಲ್ಲಿ ಹೋಯಿತೋ, ಗಜ ಎರಡು ಗಜ ಹಿಂದಕ್ಕೆ ಹಾರಿದ್ದರು! 1930ರ ದಶಕದಲ್ಲಿ ಅಮೆರಿಕದ ಲ್ಯಾಂಡಿಸ್ ಮತ್ತು ಹಂಟ್ ಎಂಬ ಮನಃಶಾಸ್ತ್ರಜ್ಞರು ಜನರ ಬೆನ್ನ ಹಿಂದೆ ಪಿಸ್ತೂಲು ಹಾರಿಸಿ ವೇಗದ ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ದಿನವೂ ಗುಂಡು ಹಾರಿಸುವ ಪೊಲೀಸರಲ್ಲೂ ರೆಪ್ಪೆ ಮುಚ್ಚುವುದು, ತಲೆ ಅಲುಗುವುದು ಪೂರಾ ನಿಲ್ಲಲಿಲ್ಲ. ಅಭ್ಯಾಸದಿಂದ ಬೆಚ್ಚುವುದು ಕಡಿಮೆಯಾಗುತ್ತದೆ, ಅಳಿಯುವುದಿಲ್ಲ. ಆದ್ದರಿಂದ ಬೆಚ್ಚಿದ ಹುಡುಗನನ್ನು ಅಂಜುಬುರುಕ ಎನ್ನುವ ತಂದೆ ಮಗನ ನರವ್ಯೂಹ ಸರಿಯಾಗಿರುವುದಕ್ಕೇ ಅವನನ್ನು ಬೈದಂತಾಯಿತು.

ಆದರೆ ಅಂಜಿಕೆಗೂ ಬೆಚ್ಚುವುದಕ್ಕೂ ನಂಟಿದೆ. ಮಿದುಳಿನಲ್ಲಿ ಬಾದಾಮಿ ಆಕಾರದ ‘ಅಮಿಗ್ಡಲಾ’ ಎಂಬ ಭಾಗವಿದೆ. ಮನಸ್ಸು ಮೊದಲೇ ದಿಗಿಲುಗೊಂಡಿದ್ದರೆ ಅದು ಪಾನ್ಸಿನ ಕೋಶಗಳನ್ನು ಚುರುಕುಗೊಳಿಸಿ ಇಟ್ಟಿರುತ್ತದೆ. ಕತ್ತಲಲ್ಲಿ ದೆವ್ವದ ಕಥೆ ಕೇಳಿ ಮನೆಗೆ ಹೊರಟವನು ಒಣಗಿದ ಎಲೆ ಉದುರಿದರೂ ಎಗರಿ ಬೀಳುವುದು ಇದರಿಂದ. ಸದಾ ಹೊಡೆತ, ಗದರಿಕೆಯ ನಡುವೆ ಬೆಳೆಯುವ ಮಗು ಬಾಗಿಲು ಬಡಿದರೂ ಬೆಚ್ಚುತ್ತಿದ್ದರೆ ಹಿರಿಯರು ತಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ.

ಇನ್ನು ಹೋರಿ. ಈ ಪಂದ್ಯಕ್ಕೆ ‘ಹೋರಿ ಬೆದರಿಸುವುದು’ ಎಂದೇ ಹೆಸರು. ಬೆಚ್ಚುವ ಏರ್ಪಾಡು ದನಗಳಿಗೂ ಉಂಟು, ಕಿವಿ ಮನುಷ್ಯನದಕ್ಕಿಂತ ಚುರುಕು. ಮನುಷ್ಯ ಕೇಳಬಲ್ಲ ಸದ್ದಿನ ಮೇಲಿನ ಮಿತಿ ಸೆಕೆಂಡಿಗೆ 20 ಸಾವಿರ ಕಂಪನ. ದನಕ್ಕೆ ಅದು ಸುಮಾರು 35 ಸಾವಿರ. ಬೆಚ್ಚಿದ ಮೇಲೆ ಭಯ, ಭಯದ ಹಿಂದೆ ಓಟ. ಅಂಥ ಹೋರಿ ಸೆಕೆಂಡಿಗೆ 8 ಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಕಾಲು ಸೆಕೆಂಡಿನಲ್ಲಿ 2 ಮೀಟರ್ ಮುಂದೆ ಬಂದಿರುತ್ತದೆ. ಅದರ ದಾರಿಯಲ್ಲಿ ನಿಂತ ಹುಡುಗನ ಪರಾವರ್ತಿತ ಕ್ರಿಯೆ ಕತ್ತನ್ನು ಕುಗ್ಗಿಸುತ್ತದೆ, ಕಣ್ಣನ್ನು ಮುಚ್ಚಿಸುತ್ತದೆ. ಕಾಲನ್ನು ಪಕ್ಕಕ್ಕೆ ಸರಿಸುವುದಿಲ್ಲ. ಅದಕ್ಕೆ ಯೋಚಿಸುವ ಮಿದುಳೇ ಬರಬೇಕು, ಅದು ತಡವಾಗಿ ಬರುತ್ತದೆ. ಹಬ್ಬದಲ್ಲಿ ಗಾಯ, ಸಾವಿನ ಸುದ್ದಿ ಕೇಳಿಬರುವುದುಂಟು. ‘ಬಂದರೆ ತಪ್ಪಿಸಿಕೊಳ್ಳುತ್ತೇನೆ’ ಎಂದು ಅಖಾಡದೊಳಗೆ ನಿಲ್ಲುವ ಮಕ್ಕಳಿಗೆ ಈ ಲೆಕ್ಕವನ್ನು ಮಾಡಿ ತೋರಿಸುವುದು ಒಳ್ಳೆಯದು.

ಕಿವಿಯ ಮಾತೂ ಇದೆ. ಕಿವಿಯೊಳಗಿನ ‘ಸ್ಟೆಪೀಡಿಯಸ್’ ದೇಹದಲ್ಲೇ ಅತಿ ಚಿಕ್ಕ ಅಸ್ಥಿ ಸ್ನಾಯು. ದೊಡ್ಡ ಸದ್ದಾದಾಗ ಅದು ಬಿಗಿದು ಒಳಹೋಗುವ ಸದ್ದನ್ನು ತಗ್ಗಿಸುತ್ತದೆ. ಆದರೆ ಪೂರ್ತಿ ಬಿಗಿಯಲು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ಬೇಕು. ಪಟಾಕಿಯ ಹೊಡೆತ ಅಷ್ಟರೊಳಗೆ ಮುಗಿದೇ ಹೋಗಿರುತ್ತದೆ; ಕಳ್ಳ ಓಡಿದ ಮೇಲೆ ಬಾಗಿಲು ಹಾಕಿದಂತೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಯನ್ನು ನಮ್ಮ ದೇಶದ 1999ರ ನಿಯಮ ನಿಷೇಧಿಸಿತು. ಮಿತಿಯೊಳಗಿನ ಪಟಾಕಿಯೂ ಕಿವಿಯ ಬಳಿ ಸಿಡಿದರೆ ಅಪಾಯವೇ. ಒಂದು ಕಿವಿಯಲ್ಲಿ ಸದ್ದು ಹಿಡಿಯುವ ಕೂದಲು ಕೋಶಗಳು ಸುಮಾರು 15 ಸಾವಿರ. ಸತ್ತವು ಮತ್ತೆ ಹುಟ್ಟುವುದಿಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋಗುವ ತಂದೆ ಪಟಾಕಿ ಹಚ್ಚುವ ಜಾಗದಿಂದ ದೂರ ನಿಲ್ಲಬೇಕು. ಹಬ್ಬದ ಮರುದಿನವೂ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಎಣ್ಣೆ ಬಿಡದೆ ವೈದ್ಯರ ಬಳಿ ಹೋಗಬೇಕು.

ತೊಟ್ಟಿಲ ಕೂಸು ಬೆಚ್ಚುವ ಬಗೆಯೇ ಬೇರೆ. ತಲೆಯ ಆಧಾರ ಥಟ್ಟನೆ ತಪ್ಪಿದರೆ, ಕೆಲವೊಮ್ಮೆ ಪಾತ್ರೆ ಬಿದ್ದ ಸದ್ದಿಗೂ, ಎರಡೂ ಕೈಗಳನ್ನು ಅಗಲಿಸಿ, ತಬ್ಬುವಂತೆ ಮತ್ತೆ ಕೂಡಿಸಿ ಅಳುತ್ತದೆ. ಜರ್ಮನಿಯ ಮಕ್ಕಳ ತಜ್ಞ ಅರ್ನ್ಸ್ಟ್ ಮೊರೊ 1918ರಲ್ಲಿ ವಿವರಿಸಿದ ಇದಕ್ಕೆ ಅವರದೇ ಹೆಸರಿದೆ. ನಾಲ್ಕರಿಂದ ಆರು ತಿಂಗಳಿಗೆ ತಾನಾಗಿ ಮಾಯವಾಗುತ್ತದೆ. ಆದರೆ ಯಾವ ಸದ್ದೂ ಇಲ್ಲದೆ, ನಿದ್ದೆಯಿಂದ ಎದ್ದಾಗ ಕೂಸು ಸಾಲುಸಾಲಾಗಿ ತಲೆ ಬಾಗಿಸಿ ಕೈಯೆತ್ತಿ ಝಟಕಿಸುತ್ತಿದ್ದರೆ ಅದು ಬೆಚ್ಚುವಿಕೆಯಲ್ಲ, ಒಂದು ಬಗೆಯ ಫಿಟ್ಸ್ ಇರಬಹುದು. ಬಾಲಗ್ರಹವೆಂದು ದಾರ ಕಟ್ಟಿಸುತ್ತ ವಾರಗಳನ್ನು ಕಳೆಯದೆ, ಮೊಬೈಲಿನಲ್ಲಿ ಅದರ ವಿಡಿಯೊ ತೆಗೆದುಕೊಂಡು ಅಂದೇ ಮಕ್ಕಳ ತಜ್ಞರಿಗೆ ತೋರಿಸಬೇಕು.

ಇದರ ಇನ್ನೊಂದು ಮಗ್ಗುಲು ಬೆಚ್ಚದ ಕೂಸು. ಬಾಗಿಲು ಬಡಿದರೂ, ನಾಯಿ ಬೊಗಳಿದರೂ ಕದಲದೆ ಮಲಗಿದ್ದರೆ “ನಮ್ಮ ಕೂಸು ಬಹಳ ಶಾಂತ ಐತ್ರಿ” ಎಂದು ಅಜ್ಜಿ ಹಿಗ್ಗುತ್ತಾಳೆ. ಶಾಂತವೋ, ಕೇಳಿಸುತ್ತಿಲ್ಲವೋ ಎಂಬುದನ್ನು ಚಪ್ಪಾಳೆ ತಟ್ಟಿ ನಿರ್ಧರಿಸಲಾಗದು. ಚಪ್ಪಾಳೆಯ ಗಾಳಿ ಮೈಗೆ ಸೋಕಿದರೂ ಕೂಸು ಅಲುಗುತ್ತದೆ. ನವಜಾತ ಶಿಶುವಿನ ಕಿವಿಯನ್ನು ನಿಮಿಷಗಳಲ್ಲಿ, ನೋವಿಲ್ಲದೆ ಪರೀಕ್ಷಿಸುವ ಯಂತ್ರಗಳಿವೆ. ತಿಂಗಳು ತುಂಬುವುದರೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ಖಚಿತತೆ, ಆರು ತಿಂಗಳೊಳಗೆ ಶ್ರವಣ ಸಾಧನ ಎಂಬುದು ತಜ್ಞರ ಲೆಕ್ಕ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೇ ಕೆಲಸಕ್ಕೆಂದು 1960ರ ದಶಕದಿಂದ ಇದೆ. ಆರು ತಿಂಗಳೊಳಗೆ ನೆರವು ಸಿಕ್ಕ ಮಗುವಿಗೆ ತಾಯಿಯ ಜೋಗುಳ ಕೇಳುತ್ತಲೇ ಮಾತು ಕಲಿಯುವ ಅವಕಾಶ ಉಳಿದಿರುತ್ತದೆ.