ಗಾಳಿ ಹಿಡಿದ ಬಟ್ಟಲು

ಮರ ಕಡೆಯುವವರಿಗೆ ಕೊನೆಯ ತೊಡಕು ಬಟ್ಟಲಿನ ಅಡಿ. ಅದನ್ನು ಬಿಡಿಸುವ ವ್ಯಾಕ್ಯೂಮ್ ಚಕ್‌ಗೆ ಬೇಕಾದ ಸಾಮಾನು, ಕೈಕಸುಬು ಎರಡೂ ಬೆಂಗಳೂರಿನ ಅಬ್ಬಿಗೆರೆಯ ಸುತ್ತಮುತ್ತಲೇ ಇವೆ.

ಮರದ ಬಟ್ಟಲನ್ನು ಕೊಳ್ಳುವವರು ಅದರ ಒಳಗನ್ನು ನೋಡುತ್ತಾರೆ. ಕಡೆಯುವವರು ಮೊದಲು ಬೋರಲು ಹಾಕಿ ನೋಡುತ್ತಾರೆ. ಅಡಿಯಲ್ಲಿ ಸ್ಕ್ರೂ ತೂತಿಗೆ ಮರದ ಪುಡಿ ತುಂಬಿದ ಗುರುತಿದೆಯೇ, ಚಕ್ಕಿನ ದವಡೆ ಕಚ್ಚಿದ ಕಲೆಯಿದೆಯೇ, ಎರಡನ್ನೂ ಮುಚ್ಚಲು ಬಟ್ಟೆಯ ಬಿಲ್ಲೆ ಅಂಟಿಸಿದ್ದಾರೆಯೇ? ಕೆಲಸಗಾರನ ಕೈ ಎಲ್ಲಿಗೆ ನಿಂತಿತು ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಲೇತಿನ ಮೇಲೆ ಮರ ತಿರುಗಬೇಕಾದರೆ ಅದನ್ನು ಎಲ್ಲಾದರೂ ಹಿಡಿಯಲೇಬೇಕು. ಹಿಡಿದ ಜಾಗಕ್ಕೆ ಉಳಿ ತಾಗಿಸಲಾಗದು. ಬಟ್ಟಲಿನ ಹೊರಮೈ, ಒಳಮೈ ಎಲ್ಲ ಮುಗಿದ ಮೇಲೂ ಚಕ್ ಕಚ್ಚಿಕೊಂಡ ಒಂದು ಬುಡ ಅಡಿಯಲ್ಲಿ ಉಳಿದಿರುತ್ತದೆ. ಅದನ್ನು ತೆಗೆಯಲು ಬಟ್ಟಲನ್ನು ತಿರುಗಿಸಿ ಹಿಡಿಯಬೇಕು. ಆದರೆ ಹಿಡಿಯುವುದು ಎಲ್ಲಿ? ಅಂಚು ತೆಳು, ಮೈ ನುಣುಪು, ಫಿನಿಶಿಂಗ್ ಆಗಿಹೋಗಿದೆ.

ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಈ ತಾಪತ್ರಯ ಅಷ್ಟಾಗಿ ಇಲ್ಲ. ಆಲೆ ಮರದ ತುಂಡನ್ನು ಬಟ್ಟಲಿನಾಕಾರದ ಹಿಡಿಕೆಗೆ ಬಡಿದು ಕೂರಿಸುತ್ತಾರೆ, ಮಣಿಯನ್ನೋ ಗೊಂಬೆಯ ತಲೆಯನ್ನೋ ಕಡೆಯುತ್ತಾರೆ, ಅರಗಿನ ಕಡ್ಡಿ ಒತ್ತಿ ಬಣ್ಣ ಕೊಡುತ್ತಾರೆ, ತಾಳೆಗರಿಯಿಂದ ಹೊಳಪು ಬರಿಸಿ ಕತ್ತರಿಸಿಬಿಡುತ್ತಾರೆ. ಗಟ್ಟಿ ಸಾಮಾನಿಗೆ ಅದೇ ಸಾಕು. ಟೊಳ್ಳು ಬಟ್ಟಲಿಗೆ, ತೆಳು ತಟ್ಟೆಗೆ ಸಾಲದು.

ಪರ್ಯಾಯಗಳು ಇಲ್ಲವೆಂದಲ್ಲ. ಬಟ್ಟಲಿನ ಬಾಯಿಗೆ ಸರಿಹೊಂದುವಂತೆ ಇನ್ನೊಂದು ಮರವನ್ನು ಕಡೆದು ಅದಕ್ಕೆ ಬಿಗಿಯಾಗಿ ಸಿಕ್ಕಿಸಬಹುದು. ಆದರೆ ಪ್ರತಿ ಬಟ್ಟಲಿಗೂ ಹೊಸದೊಂದು ಬೇಕು. ರಬ್ಬರ್ ಗುಂಡಿಗಳಿರುವ ಅಗಲ ದವಡೆಯ ಚಕ್ ಸಿಗುತ್ತದೆ. ದುಂಡನೆಯ, ಸಮ ಅಂಚಿನ ಬಟ್ಟಲಿಗೆ ಅದು ಒಳ್ಳೆಯದು, ಅಂಕುಡೊಂಕು ಅಂಚಿಗೆ ಆಗದು. ಉಳಿದದ್ದು ಗಾಳಿ ತೆಗೆದು ಹಿಡಿಯುವ ದಾರಿ.

ಒತ್ತುವುದು ಯಾರು?

ಲೇತಿನ ಸ್ಪಿಂಡಲ್ ತುದಿಗೆ ಕೊಳವೆಯಂಥ ಒಂದು ಡ್ರಮ್ ಕೂರಿಸಿ, ಅದರ ಬಾಯಿಗೆ ಮೆತ್ತನೆ ಅಂಚು ಅಂಟಿಸಿ, ಬಟ್ಟಲನ್ನು ಅದರ ಮೇಲೆ ಬೋರಲು ಹಾಕಿ, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದರೆ ಬಟ್ಟಲು ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಇಷ್ಟೇ ವ್ಯಾಕ್ಯೂಮ್ ಚಕ್. ಪಂಪು ಬಟ್ಟಲನ್ನು ಎಳೆದು ಹಿಡಿದಿದೆ ಎಂದು ನೋಡುವವರಿಗೆ ಅನ್ನಿಸುತ್ತದೆ. ಪಂಪು ಮಾಡಿದ್ದು ಒಳಗಿನ ಗಾಳಿಯನ್ನು ಹೊರಗೆ ಹಾಕಿದ್ದಷ್ಟೇ. ಬಟ್ಟಲನ್ನು ಒತ್ತಿ ಹಿಡಿದಿರುವುದು ಹೊರಗಿನ ಗಾಳಿ. ಗಾಳಿಗೂ ತೂಕವಿದೆ ಎಂದು 1643ರಲ್ಲಿ ಪಾದರಸದ ಕೊಳವೆಯಿಂದ ತೋರಿಸಿದವನು ಇಟಲಿಯ ತೊರಿಚೆಲ್ಲಿ. ಎರಡು ಲೋಹದ ಅರ್ಧಗೋಲಗಳನ್ನು ಕೂಡಿಸಿ ಒಳಗಿನ ಗಾಳಿ ತೆಗೆದು, ಕುದುರೆಗಳಿಂದ ಎಳೆಸಿ ಆ ತೂಕದ ಬಲವನ್ನು ಊರಿಗೆಲ್ಲ ತೋರಿಸಿದವನು ಜರ್ಮನಿಯ ಗೆರಿಕೆ.

ಒತ್ತುವುದು ಹೊರಗಿನ ಗಾಳಿ ಎಂಬುದನ್ನು ಮನಸ್ಸಿಗೆ ತಂದುಕೊಂಡರೆ ಮುಂದಿನ ಲೆಕ್ಕವೆಲ್ಲ ತಾನಾಗಿ ಬರುತ್ತದೆ. ಬೆಂಗಳೂರಿನಂಥ ಎತ್ತರದ ಊರಿನವರಿಗೆ ಅನ್ವಯಿಸುವ ಒಂದು ಲೆಕ್ಕವೂ ಅದರಲ್ಲಿದೆ.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 1.03 ಕೆಜಿ. ಪಾದರಸದ ಲೆಕ್ಕದಲ್ಲಿ 760 ಮಿಲಿಮೀಟರ್, ನಿರ್ವಾತ ಅಳೆಯುವ ಗೇಜಿನ ಭಾಷೆಯಲ್ಲಿ ಹೆಚ್ಚುಕಡಿಮೆ 30 ಇಂಚು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ತಲೆಯ ಮೇಲಿರುವ ಗಾಳಿ ಶೇ 10ರಷ್ಟು ಕಡಿಮೆ. ಪಾದರಸದ ಎತ್ತರ ಸುಮಾರು 680 ಮಿಲಿಮೀಟರ್, ಅಂದರೆ 27 ಇಂಚಿಗೆ ಕೊಂಚ ಕಡಿಮೆ. ಇಲ್ಲದ ಗಾಳಿಯನ್ನು ಯಾವ ಪಂಪೂ ತೆಗೆಯಲಾರದು. ಪಂಪಿನ ಡಬ್ಬಿಯ ಮೇಲೆ 29 ಇಂಚು ಎಂದು ಬರೆದಿದ್ದು, ಅಬ್ಬಿಗೆರೆಯ ಶೆಡ್ಡಿನಲ್ಲಿ ಗೇಜಿನ ಮುಳ್ಳು 26ಕ್ಕೆ ನಿಂತರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಕಿಲ್ಲ. ಅದು ಅತ್ಯುತ್ತಮ ಪಂಪು. ಮಂಗಳೂರಿನಲ್ಲಿ ಅದೇ ಪಂಪು 29 ತೋರಿಸುತ್ತದೆ.

ಅಡ್ಡಳತೆಯೇ ಬಲ

ಕಡೆತಕ್ಕೆ ಅಷ್ಟೆಲ್ಲ ಬೇಕಾಗುವುದೂ ಇಲ್ಲ. ಬಲವನ್ನು ನಿರ್ಧರಿಸುವುದು ಡ್ರಮ್ಮಿನ ಅಗಲ. ಬಚ್ಚಲಿನ ನೀರು ಹೋಗಲು ಹಾಕುವ ಪಿವಿಸಿ ಪೈಪುಗಳ ಅಳತೆಯನ್ನೇ ತೆಗೆದುಕೊಳ್ಳೋಣ. ಡ್ರಮ್ ಮಾಡಲು ಹೆಚ್ಚಿನವರು ಬಳಸುವುದು ಅದನ್ನೇ. ಗೇಜ್ 20 ಇಂಚು ತೋರಿಸುವಾಗ 75 ಮಿಲಿಮೀಟರ್ ಪೈಪಿನ ಬಾಯಿಯಲ್ಲಿ ಸುಮಾರು 30 ಕೆಜಿ ಹಿಡಿತ ಸಿಗುತ್ತದೆ. 110 ಮಿಲಿಮೀಟರಿನದಕ್ಕೆ 65 ಕೆಜಿ. 160ರದಕ್ಕೆ ಹತ್ತಿರ ಹತ್ತಿರ 140 ಕೆಜಿ. ಅಡ್ಡಳತೆ ದುಪ್ಪಟ್ಟಾದರೆ ಹಿಡಿತ ನಾಲ್ಕು ಪಟ್ಟು. ಹೀಗಾಗಿ ಅನುಭವಸ್ಥರು ದೊಡ್ಡ ಪಂಪು ಹುಡುಕುವುದಕ್ಕಿಂತ ಮೊದಲು ಬಟ್ಟಲಿನೊಳಗೆ ಹೋಗುವಷ್ಟು ದೊಡ್ಡ ಡ್ರಮ್ ಹುಡುಕುತ್ತಾರೆ.

ಇದೇ ಲೆಕ್ಕದಲ್ಲಿ ಅಪಾಯವೂ ಇದೆ. 140 ಕೆಜಿ ಎಂದರೆ ಇಬ್ಬರು ದೊಡ್ಡವರ ತೂಕ. ಅಷ್ಟು ಭಾರ ಮೂರು ಮಿಲಿಮೀಟರ್ ದಪ್ಪದ ಅಡಿಯ ಮೇಲೆ ಬಿದ್ದರೆ ಬಟ್ಟಲು ಒಳಕ್ಕೆ ಕುಸಿದು ಚೂರಾಗುತ್ತದೆ. ತೆಳು ಕೆಲಸಕ್ಕೆ ಮುಳ್ಳನ್ನು 10 ಇಂಚಿಗೆ ಇಳಿಸುವುದು ವಾಡಿಕೆ. ಅದಕ್ಕಾಗಿಯೇ ಪಂಪಿನ ಪೈಪಿಗೆ ಒಂದು ಕವಲು ಕೊಟ್ಟು ಸಣ್ಣ ವಾಲ್ವ್ ಇಡುತ್ತಾರೆ. ವಾಲ್ವ್ ಬಿಚ್ಚಿದಷ್ಟೂ ಹೊರಗಿನ ಗಾಳಿ ಒಳಗೆ ನುಸುಳಿ ಹಿಡಿತ ಸಡಿಲವಾಗುತ್ತದೆ. ವಿದೇಶಗಳಲ್ಲಿ ಕಾಗದದಷ್ಟು ತೆಳು ಪಾತ್ರೆ ಕಡೆಯುವ ಕಲೆ ಬೆಳೆದಂತೆ ಈ ಚಕ್ಕಿಗೂ ಬೇಡಿಕೆ ಬಂತು. ಅಮೆರಿಕದ ಮರಕಡೆತಗಾರರ ಸಂಘ 1986ರಲ್ಲಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದ ಡೇವಿಡ್ ಎಲ್ಸ್‌ವರ್ತ್ ಅಂಥ ತೆಳು ಪಾತ್ರೆಗಳಿಗೇ ಹೆಸರಾದವರು.

ಕಬ್ಬಿಣದವರ ನೆರೆಯಲ್ಲಿ

ಅಬ್ಬಿಗೆರೆ ಮರಗೆಲಸಕ್ಕೆ ಹೆಸರಾದ ಊರಲ್ಲ. ಗಂಗಮ್ಮನಗುಡಿ ದಾಟಿ ಚಿಕ್ಕಬಾಣಾವರದ ಕಡೆಗೆ ಹೋಗುವಾಗ ಇಲ್ಲಿ ಕೇಳಿಸುವುದು ಕಬ್ಬಿಣ ಕಡೆಯುವ ಸದ್ದು. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದೊಂದಿಗೆ ಎಚ್‌ಎಂಟಿ ಶುರುವಾಯಿತು, ಲೇತುಗಳನ್ನೇ ತಯಾರಿಸಿತು. ಆಮೇಲೆ ಪೀಣ್ಯ ಬೆಳೆಯಿತು. ಆ ಕಾರ್ಖಾನೆಗಳ ಸುತ್ತ ಹುಟ್ಟಿಕೊಂಡ ಜಾಬ್ ವರ್ಕ್ ಶೆಡ್ಡುಗಳ ಸಾಲಿನಲ್ಲಿ ಅಬ್ಬಿಗೆರೆಯೂ ಒಂದು. ನೂರನೇ ಒಂದು ಮಿಲಿಮೀಟರಿನ ಮಾತಾಡುವ ಟರ್ನರ್ ಇಲ್ಲಿ ಬೀದಿಗೊಬ್ಬ ಸಿಗುತ್ತಾನೆ. ವ್ಯಾಕ್ಯೂಮ್ ಚಕ್ ಕಟ್ಟುವವರಿಗೆ ಬೇಕಾದದ್ದು ಅವನೇ.

ಏಕೆಂದರೆ ಇಡೀ ವ್ಯವಸ್ಥೆಯಲ್ಲಿ ನಿಜಕ್ಕೂ ಕಷ್ಟದ ಭಾಗ ಒಂದೇ. ಪಂಪು ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ, ಸ್ಪಿಂಡಲ್ ತಿರುಗುತ್ತಿರುತ್ತದೆ. ನಿಂತ ಪೈಪನ್ನು ತಿರುಗುವ ರಂಧ್ರಕ್ಕೆ ಗಾಳಿ ಸೋರದಂತೆ ಸೇರಿಸುವುದು ಹೇಗೆ? ಮರದ ಲೇತಿನ ಸ್ಪಿಂಡಲ್ ಸಾಮಾನ್ಯವಾಗಿ ಟೊಳ್ಳಾಗಿರುತ್ತದೆ. ಅದರ ಹಿಂದಿನ ತುದಿಗೆ, ಹ್ಯಾಂಡ್‌ವೀಲ್ ಇರುವ ಕಡೆ, ಹಿತ್ತಾಳೆಯದೋ ಅಲ್ಯೂಮಿನಿಯಮ್ಮಿನದೋ ಒಂದು ಸಣ್ಣ ಗೂಡು ಕಡೆಸಿ ಅದರೊಳಗೆ ಎರಡೂ ಬದಿಗೆ ರಬ್ಬರ್ ಸೀಲ್ ಇರುವ ಬೇರಿಂಗ್ ಕೂರಿಸಬೇಕು. ಬೇರಿಂಗಿನ ಒಳ ಉಂಗುರ ಸ್ಪಿಂಡಲ್ ಜೊತೆ ತಿರುಗುತ್ತದೆ, ಹೊರ ಉಂಗುರ ಪೈಪಿನ ಜೊತೆ ನಿಲ್ಲುತ್ತದೆ. ಕೆನಡಾದ ಒನ್‌ವೇಯಂಥ ಕಂಪನಿಗಳು ಇದನ್ನು ಸಿದ್ಧವಾಗಿಯೇ ಮಾರುತ್ತವೆ. ಆದರೆ ಇಂಥ ಗೂಡು ಕಡೆಯುವುದು ಇಲ್ಲಿನ ಟರ್ನರಿಗೆ ದೊಡ್ಡ ಮಾತೇನಲ್ಲ.

ಪಂಪಿನ ವಿಷಯದಲ್ಲಿ ಅವಸರ ಬೇಡ. ಬಹಳ ಮಂದಿ ಎಸಿ ರಿಪೇರಿಯವರು ಬಳಸುವ ಪಂಪನ್ನು ತರುತ್ತಾರೆ. ಸುಲಭವಾಗಿ ಸಿಗುತ್ತದೆ, ಕೆಲಸವೂ ನಡೆಯುತ್ತದೆ. ಆದರೆ ಮುಚ್ಚಿದ ಪೈಪಿನಿಂದ ಗಾಳಿಯ ಕೊನೆಯ ಕಣವನ್ನೂ ತೆಗೆಯಲೆಂದು ಮಾಡಿದ ಪಂಪು ಅದು. ಮರ ಸೋರುತ್ತಲೇ ಇರುವುದರಿಂದ ಗಾಳಿ ನಿರಂತರವಾಗಿ ಹರಿಯುತ್ತದೆ, ಅದರೊಂದಿಗೆ ಎಣ್ಣೆಯ ಮಂಜು ಶೆಡ್ಡೆಲ್ಲ ಹರಡುತ್ತದೆ. ಹಸಿ ಮರವಾದರೆ ತೇವ ಸೇರಿ ಎಣ್ಣೆಯೂ ಕೆಡುತ್ತದೆ. ನಮಗೆ ಬೇಕಾದದ್ದು ಆಳದ ನಿರ್ವಾತವಲ್ಲ, ಸೋರಿದ್ದನ್ನು ಹೊರಹಾಕುತ್ತಲೇ ಇರುವ ಹರಿವು. ಈ ದೃಷ್ಟಿಯಿಂದ ಹಾಲು ಕರೆಯುವ ಯಂತ್ರದ ಪಂಪು ಇನ್ನೂ ಚೆನ್ನಾಗಿ ಹೊಂದುತ್ತದೆ. ಹೆಸರಘಟ್ಟ, ದೊಡ್ಡಬಳ್ಳಾಪುರದ ಕಡೆಯ ಡೇರಿ ಫಾರಂಗಳಿಗೆ ಅದೇನೂ ಹೊಸದಲ್ಲ. ಅದು ಗಾಳಿ ಹರಿಯುತ್ತಿರುವಾಗಲೇ 15 ಇಂಚಿನ ಆಸುಪಾಸಿನಲ್ಲಿ ನಿಂತು ದುಡಿಯಲೆಂದು ಮಾಡಿದ್ದು. 15 ಇಂಚಿಗೆ 160ರ ಡ್ರಮ್ಮಿನಲ್ಲಿ 100 ಕೆಜಿ ಹಿಡಿತ ಸಿಗುತ್ತದೆ. ಬಟ್ಟಲಿಗೆ ಇನ್ನೇನು ಬೇಕು?

ಉಳಿದವು ಚಿಲ್ಲರೆ ಸಾಮಾನು. ಪಂಪಿಗೆ ದೂಳು ಹೋಗದಂತೆ ತಡೆಯಲು ಗಾಡಿಯ ಪೆಟ್ರೋಲ್ ಫಿಲ್ಟರ್ ಸಾಕು. ಡ್ರಮ್ಮಿನ ಬಾಯಿಗೆ ಚಪ್ಪಲಿ ಅಟ್ಟೆಗೆ ಬಳಸುವಂಥ ಇವಿಎ ಹಾಳೆ, ಎರಡು ಮೂರು ಮಿಲಿಮೀಟರ್ ದಪ್ಪದ್ದು. ಸ್ಪಾಂಜು ಬೇಡ, ಅದರ ಮೈಯೆಲ್ಲ ತೂತು. ದಪ್ಪ ಹಾಳೆಯೂ ಬೇಡ, ಬಟ್ಟಲು ಅದರ ಮೇಲೆ ಓಲಾಡುತ್ತದೆ. ಡ್ರಮ್ಮಿನ ಬುಡಕ್ಕೆ ಎಂಡಿಎಫ್ ಹಾಕಿದರೆ ಅದಕ್ಕೆ ಎಪಾಕ್ಸಿ ಬಳಿಯಲೇಬೇಕು. ಬರಿಯ ಎಂಡಿಎಫ್‌ ಮೂಲಕ ಗಾಳಿ ಆರಾಮಾಗಿ ಓಡಾಡುತ್ತದೆ.

ಮುಳ್ಳು ಹೇಳುವ ಮಾತು

ಎಲ್ಲ ಜೋಡಿಸಿದ ಮೇಲೆ ಮೊದಲ ಬಟ್ಟಲನ್ನು ಏರಿಸುವ ಮುನ್ನ ಒಂದು ಪರೀಕ್ಷೆ ಉಂಟು. ಡ್ರಮ್ಮಿನ ಬಾಯಿಗೆ ದಪ್ಪ ಅಕ್ರಿಲಿಕ್ ಹಾಳೆ ಒತ್ತಿ ಪಂಪು ಹಾಕಿ. ಎಸಿಯವರ ಪಂಪಿನಲ್ಲಿ ಮುಳ್ಳು 25ರ ಹತ್ತಿರ ಹೋದರೆ ಪೈಪು, ಬೇರಿಂಗು, ಡ್ರಮ್ಮು ಎಲ್ಲ ಸರಿಯಿದೆ. 18ಕ್ಕೇ ನಿಂತರೆ ಸೋರಿಕೆ ನಿಮ್ಮ ಜೋಡಣೆಯಲ್ಲಿದೆ, ಮರವನ್ನು ಬೈಯಬೇಡಿ. ಈ ಮೊದಲ ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಆಮೇಲೆ ಬಟ್ಟಲು ಇಟ್ಟಾಗ ಎಷ್ಟು ಕಡಿಮೆಯಾಯಿತೋ ಅಷ್ಟು ಆ ಮರದ ಪಾಲು.

ಮರದ ಪಾಲು ಒಂದೊಂದಕ್ಕೆ ಒಂದೊಂದು ಥರ. ಬೀಟೆಯಂಥ ಗಟ್ಟಿ ಮರ ಕಡಿಮೆ ಸೋರುತ್ತದೆ. ಮಳೆಗಾಲದ ಮೊದಲ ಬಿರುಗಾಳಿಗೆ ಬೆಂಗಳೂರಿನ ರಸ್ತೆಗಳಲ್ಲಿ ಉರುಳುವ ಮಳೆಮರ, ಗುಲ್‌ಮೊಹರ್‌ಗಳ ರಂಧ್ರ ದೊಡ್ಡವು. ಶಿಲೀಂಧ್ರ ಹಿಡಿದು ಗೆರೆ ಮೂಡಿದ ಮರ ನೋಡಲು ಚೆಂದ, ಹಿಡಿಯಲು ಕಷ್ಟ. ಒಂದೇ ಬಟ್ಟಲಿನಲ್ಲೂ ವ್ಯತ್ಯಾಸವಿದೆ. ಎಳೆಗಳ ಕಡಿದ ತುದಿ ಕಾಣುವ ಎರಡು ಬದಿಗಳಲ್ಲಿ ಗಾಳಿ ನೇರವಾಗಿ ಹಾಯುತ್ತದೆ, ಅಡಿಯಲ್ಲಿ ಅಷ್ಟಿಲ್ಲ. ಡ್ರಮ್ಮು ಗೋಡೆಗಿಂತ ಅಡಿಗೆ ಹತ್ತಿರವಾಗಿ ತಾಗಿದರೆ ಸೋರಿಕೆ ಕಡಿಮೆ. ಒಳಗೆ ಮೊದಲೇ ಸೀಲರನ್ನೋ ಅರಗಿನ ಪಾಲಿಶನ್ನೋ ಕೊಟ್ಟಿದ್ದರೆ ಇನ್ನೂ ಕಡಿಮೆ. ಮಲ್ಲೇಶ್ವರದ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ಮರಗಳ ಒಳರಚನೆಯನ್ನೇ ಅಭ್ಯಾಸ ಮಾಡುವ ಜಾಗ. ಮರದ ಗುಣ ತಿಳಿಯಬಯಸುವವರಿಗೆ ಅದು ದೂರವೇನಲ್ಲ.

ಇನ್ನು ಬಟ್ಟಲನ್ನು ನಡುಮಧ್ಯಕ್ಕೆ ಕೂರಿಸುವುದು. ಕಣ್ಣಂದಾಜಿನಲ್ಲಿ ಇಟ್ಟರೆ ಒಂದು ಮಿಲಿಮೀಟರಾದರೂ ಸರಿದೇ ಇರುತ್ತದೆ. ಒಳ್ಳೆಯ ಉಪಾಯವೆಂದರೆ ಬಟ್ಟಲನ್ನು ಚಕ್ಕಿನಿಂದ ಬಿಡಿಸದೆ, ಚಕ್ಕಿನ ಸಮೇತ ಸ್ಪಿಂಡಲಿನಿಂದ ಬಿಚ್ಚಿ, ಸ್ಪಿಂಡಲಿನದೇ ಥ್ರೆಡ್ ಇರುವ ಅಡಾಪ್ಟರ್ ಮೂಲಕ ಲೇತಿನ ಎದುರು ತುದಿಯ ಟೇಲ್‌ಸ್ಟಾಕಿಗೆ ಸಿಕ್ಕಿಸುವುದು. ಸ್ಪಿಂಡಲಿಗೆ ಡ್ರಮ್ ತಿರುಚಿ, ಟೇಲ್‌ಸ್ಟಾಕನ್ನು ಮುಂದೆ ತಳ್ಳಿದರೆ ಬಟ್ಟಲು ತಾನಾಗಿ ಡ್ರಮ್ಮಿನ ಮೇಲೆ ನೇರಕ್ಕೆ ಬಂದು ಕೂರುತ್ತದೆ. ಪಂಪು ಹಾಕಿ, ಮುಳ್ಳು ಏರಿ ನಿಂತ ಮೇಲೆ ಚಕ್ಕಿನ ದವಡೆ ಸಡಿಲಿಸಿ ಟೇಲ್‌ಸ್ಟಾಕ್ ಹಿಂದಕ್ಕೆ. ಈಗ ಅಡಿಯಲ್ಲಿ ಉಳಿದ ಬುಡ ಉಳಿಗೆ ಪೂರ್ತಿ ತೆರೆದುಕೊಂಡಿದೆ.

ಆದರೂ ಟೇಲ್‌ಸ್ಟಾಕಿನ ಮೊನೆಯನ್ನು ಆದಷ್ಟು ಹೊತ್ತು ಆಸರೆಗೆ ಇಡುವುದೇ ಜಾಣತನ. ಗಾಳಿ ಒತ್ತುವುದು ನೇರವಾಗಿ, ಉಳಿ ತಳ್ಳುವುದು ಅಡ್ಡಲಾಗಿ. ಅಡ್ಡ ತಳ್ಳಿಕೆಗೆ ಎದುರಾಗಿ ಇರುವುದು ಆ ಇವಿಎ ಅಂಚಿನ ಘರ್ಷಣೆ ಮಾತ್ರ. ವೇಗ ಕಡಿಮೆ, ಕಡಿತ ತೆಳು, ಉಳಿ ಹರಿತ. ಕೊನೆಗೆ ಉಳಿದ ಕಡಲೆಕಾಳಿನಷ್ಟು ಗುಬುಟನ್ನು ಮಾತ್ರ ಮೊನೆ ಸರಿಸಿ ತೆಗೆಯಬೇಕು. ಮುಖಕ್ಕೆ ಶೀಲ್ಡು, ಮೂಗಿಗೆ ಮಾಸ್ಕು ಇದ್ದೇ ಇರಬೇಕು. ಬೀಟೆಯ ದೂಳು ಹಲವರ ಮೈಗೆ ಆಗಿಬರುವುದಿಲ್ಲ.

ನಮ್ಮಲ್ಲಿ ಇನ್ನೊಂದು ಎಚ್ಚರ ಬೇಕು, ಕರೆಂಟಿನದು. ಬೆಸ್ಕಾಂ ವಿದ್ಯುತ್ ಹೋದ ಕ್ಷಣ ಪಂಪು ನಿಲ್ಲುತ್ತದೆ, ಲೇತು ಮಾತ್ರ ತನ್ನ ಓಟದಲ್ಲಿ ಇನ್ನಷ್ಟು ಸುತ್ತು ತಿರುಗುತ್ತದೆ. ಸೋರುವ ಮರವಾದರೆ ಹಿಡಿತ ಅಷ್ಟರಲ್ಲಿ ಹೋಗಿ ಬಟ್ಟಲು ಹಾರುತ್ತದೆ. ಪಂಪಿನ ಬಳಿ ಗಾಳಿ ವಾಪಸು ಬರದಂತೆ ತಡೆಯುವ ಒಮ್ಮುಖ ವಾಲ್ವ್, ಅದಕ್ಕೂ ಡ್ರಮ್ಮಿಗೂ ನಡುವೆ ಒಂದು ಗಟ್ಟಿ ಟ್ಯಾಂಕ್ ಇಟ್ಟರೆ ಲೇತು ನಿಲ್ಲುವಷ್ಟು ಹೊತ್ತು ಸಿಗುತ್ತದೆ. ವಿದೇಶಿ ಪುಸ್ತಕಗಳಲ್ಲಿ ಐಚ್ಛಿಕವೆಂದು ಬರೆದಿರುವ ಈ ಟ್ಯಾಂಕ್ ಇಲ್ಲಿ ಕಡ್ಡಾಯ.

ಇಷ್ಟಾಗಿಯೂ ಬೆಂಗಳೂರಿನ ಹವ್ಯಾಸಿ ಮರಕಡೆತಗಾರರು ಬಿಡಿಭಾಗಗಳನ್ನು ಹೊರದೇಶದಿಂದ ತರಿಸಿ ಕಸ್ಟಮ್ಸ್ ಸುಂಕ ಕಟ್ಟುವುದುಂಟು. ಕೊರತೆ ಇರುವುದು ಸಾಮಾನಿನದಲ್ಲ, ಮರದವರಿಗೂ ಕಬ್ಬಿಣದವರಿಗೂ ಪರಿಚಯದ್ದು. ಪರಿಚಯಕ್ಕೆ ದೊಡ್ಡ ಡ್ರಾಯಿಂಗ್ ಬೇಡ. ಸ್ಪಿಂಡಲ್ ರಂಧ್ರದ ಅಳತೆ, ಮುಂದಿನ ತುದಿಯ ಥ್ರೆಡ್ಡು, ಹ್ಯಾಂಡ್‌ವೀಲ್ ಕಡೆಯ ವ್ಯಾಸ, ಈ ಮೂರನ್ನು ವರ್ನಿಯರಿನಲ್ಲಿ ಅಳೆದು ಒಂದು ಚೀಟಿಯಲ್ಲಿ ಬರೆದುಕೊಂಡು, ಬೇರಿಂಗನ್ನೂ ಜೇಬಿಗೆ ಹಾಕಿಕೊಂಡು ಅಬ್ಬಿಗೆರೆಯ ಯಾವುದಾದರೂ ಲೇತ್ ಶೆಡ್ಡಿಗೆ ಹೋಗಿ. ಬೇರಿಂಗ್ ಕೈಯಲ್ಲಿಟ್ಟರೆ ಉಳಿದ ಪ್ರಶ್ನೆಗಳನ್ನು ಟರ್ನರೇ ಕೇಳುತ್ತಾನೆ.