ತಮ್ಮನ ಭುಜದ ಮೇಲೆ ಎರಡು ನಕ್ಷತ್ರ

ಹೋದ ತಿಂಗಳು ನಮ್ಮ ಬೀದಿಯ ಒಬ್ಬ ತಾಯಿ ಅರಿಶಿನ ಕುಂಕುಮಕ್ಕೆಂದು ಬಂದವರು ಹೊರಡುವಾಗ ಮೆಲ್ಲಗೆ ಕೇಳಿದರು. "ನಮ್ಮ ಹುಡುಗ ಮಿಲಿಟರಿ ಸೇರಿ ಆರು ವರ್ಷ ಆಯ್ತು. ನಿಮ್ಮ ತಮ್ಮನೋರು ಸಿಪಾಯಿಯಾಗಿ ಸೇರಿ ಆಫೀಸರ್ ಆದ್ರಂತಲ್ಲ, ಅದು ಹೇಗೆ? ಸರ್ವೀಸ್ ಆದ ಹಾಗೆ ತಾನಾಗೇ ಆಗುತ್ತಾ?"

ತಾನಾಗೇ ಆಗುವುದಿಲ್ಲ. ನಮ್ಮಲ್ಲಿ ಬಹಳ ಜನ ಹೀಗೆ ತಿಳಿದುಕೊಂಡಿದ್ದಾರೆ. ಹತ್ತು ವರ್ಷದ ಹಿಂದೆ ನಾನೂ ಹಾಗೇ ತಿಳಿದಿದ್ದೆ.

ಸಿಪಾಯಿಯಾಗಿ ಸೇರಿದವನು ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತಾನೆ. ಅಲ್ಲಿಂದ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಇವರ ಭುಜದ ಮೇಲೆ ನಕ್ಷತ್ರ ಕಂಡು ನಾವು 'ಆಫೀಸರ್' ಅಂದುಬಿಡುತ್ತೇವೆ. ಆ ನಕ್ಷತ್ರದ ಜೊತೆ ಒಂದು ಬಣ್ಣದ ಪಟ್ಟಿಯೂ ಇರುತ್ತದೆ, ನೋಡಿ. ಪಲ್ಟಣದಲ್ಲಿ ಇವರಿಗೆ ಬಹಳ ಮರ್ಯಾದೆ, 'ಸಾಬ್' ಎಂದೇ ಕರೆಯುತ್ತಾರೆ. ಆದರೆ ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್ ಎನ್ನುವ ಸಾಲೇ ಬೇರೆ. ಸೇವೆಯ ಕೊನೆಗಾಲದಲ್ಲಿ ಕೆಲವರಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿ ಕೊಡುವುದುಂಟು. 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಏರಿ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಅವರು ಗೌರವ ಕ್ಯಾಪ್ಟನ್ ಆದದ್ದು ಹೀಗೆ.

ಚಿಕ್ಕ ವಯಸ್ಸಿನಲ್ಲೇ ಆ ಇನ್ನೊಂದು ಸಾಲಿಗೆ ದಾಟಬೇಕಾದರೆ ಆರ್ಮಿ ಕೆಡೆಟ್ ಕಾಲೇಜು ಎಂಬ ಬಾಗಿಲಿದೆ. ಬ್ರಿಟಿಷರ ಕಾಲದಲ್ಲಿ, 1929ರಲ್ಲಿ, ನೌಗಾಂವ್‌ನಲ್ಲಿ ಕಿಚನರ್ ಕಾಲೇಜು ಎಂದು ಶುರುವಾದದ್ದು ಇದರ ಬೇರು. 1960ರಲ್ಲಿ ಪುಣೆಯಲ್ಲಿ ಈಗಿನ ಹೆಸರು ಬಂತು, 1977ರಲ್ಲಿ ಡೆಹ್ರಾಡೂನಿಗೆ ಬಂದು ಅಲ್ಲಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ ಜೊತೆ ಸೇರಿತು. ಪಿ.ಯು.ಸಿ. ಪಾಸಾಗಿರಬೇಕು, ಎರಡು ವರ್ಷವಾದರೂ ಸೇವೆ ಆಗಿರಬೇಕು, ವಯಸ್ಸು 20ರಿಂದ 27ರ ಒಳಗಿರಬೇಕು. ಅರ್ಜಿ ಹೋಗುವುದು ಪಲ್ಟಣದ ಕಮಾಂಡಿಂಗ್ ಆಫೀಸರ ಮೂಲಕ. ಮೊದಲು ಬರವಣಿಗೆಯ ಪರೀಕ್ಷೆ, ಆಮೇಲೆ ಎಸ್.ಎಸ್.ಬಿ. ಎನ್ನುವ ಐದು ದಿನದ ಆಯ್ಕೆ, ಕೊನೆಗೆ ವೈದ್ಯಕೀಯ ತಪಾಸಣೆ. ಇಷ್ಟೂ ದಾಟಿದವನಿಗೆ ಕಾಲೇಜಿನಲ್ಲಿ ಮೂರು ವರ್ಷ ಓದು. ಡಿಗ್ರಿ ಕೊಡುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಆಮೇಲೆ ಅಕಾಡೆಮಿಯಲ್ಲಿ ಇನ್ನೊಂದು ವರ್ಷ ತರಬೇತಿ. ಒಟ್ಟು ನಾಲ್ಕು ವರ್ಷ. ಹೆಣ್ಣುಮಕ್ಕಳಾದ ನಾವು ಲೆಕ್ಕ ಹಾಕುವುದು ಈ ನಾಲ್ಕು ವರ್ಷವನ್ನೇ!

ನನ್ನ ತಮ್ಮ 2010ರಲ್ಲಿ ಸೇರಿದಾಗ ಅವನಿಗೆ ಹತ್ತೊಂಬತ್ತು. ಬೆಂಗಳೂರಿನ ಹಲಸೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆಯಲ್ಲ, 'ತಂಬಿ'ಗಳು ಅಂತ ಕರೆಯುತ್ತಾರೆ, ಅದರಲ್ಲಿ ಸ್ಯಾಪರ್ ಆದ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಎರಡೆಕರೆ ರಾಗಿ ಹೊಲ, ಒಂದು ಹಸು, ಅವನ ಸಂಬಳ, ಇಷ್ಟರಲ್ಲೇ ಅವ್ವ ಮನೆ ನಡೆಸುತ್ತಿದ್ದಳು. ಅವನು ಆಫೀಸರ್ ಪರೀಕ್ಷೆಯ ಮಾತು ತೆಗೆದಾಗ ಅವ್ವನಿಗೆ ಸಂತೋಷವಾಗಲಿಲ್ಲ. "ಇರೋದನ್ನ ಬಿಟ್ಟು ಹಾರೋದ್ಯಾಕೋ ಮಗಾ?" ಅಂದಳು. ಸಂಬಳ ನಿಂತುಹೋಗುತ್ತೆ ಅನ್ನೋ ಭಯ. ಆ ಭಯ ಸುಳ್ಳಾಯಿತು, ಕಾಲೇಜಿನ ಮೂರು ವರ್ಷವೂ ಅವನ ಸಂಬಳ ಬರುತ್ತಲೇ ಇತ್ತು.

ಅವ್ವನ ಇನ್ನೊಂದು ಭಯ ಬೇರೆ. ಅದನ್ನು ನನ್ನ ಹತ್ತಿರ ಮಾತ್ರ ಹೇಳಿದಳು. "ದೊಡ್ಡೋನಾದ್ಮೇಲೆ ನಮ್ಮನ್ನ ಅವ್ವ, ಅಕ್ಕ ಅಂತ ನಾಲ್ಕು ಜನದ ಮುಂದೆ ಕರೀತಾನಾ?"

ಮೊದಲ ಸಲ ಎಸ್.ಎಸ್.ಬಿ.ಯಲ್ಲಿ ಸೋತ. ಯಾಕೆ ಸೋತೆ ಅಂತ ಅವನು ರಜೆಗೆ ಬಂದಾಗ ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಅಲ್ಲಿ ಒಂದರ ಹಿಂದೊಂದರಂತೆ 60 ಪದಗಳನ್ನು ತೋರಿಸುತ್ತಾರೆ. ಒಂದೊಂದಕ್ಕೂ 15 ಸೆಕೆಂಡು. ಪದ ನೋಡಿದ ಕೂಡಲೆ ಮನಸ್ಸಿಗೆ ತೋಚಿದ್ದನ್ನು ಬರೆಯಬೇಕು. "ಅಕ್ಕ, ನಂಗೆ ಮೊದಲು ತೋಚೋದು ಕನ್ನಡದಲ್ಲಿ. ಪಲ್ಟಣದಲ್ಲಿ ಇದ್ದೂ ಇದ್ದೂ ಆಮೇಲೆ ಹಿಂದಿ ಬರುತ್ತೆ. ಅದನ್ನ ಇಂಗ್ಲಿಷಿಗೆ ತಿರುಗಿಸೋಷ್ಟರಲ್ಲಿ ಮುಂದಿನ ಪದ ಬಂದುಬಿಟ್ಟಿರುತ್ತೆ" ಅಂದ. ಹುಡುಗನಿಗೆ ಧೈರ್ಯ ಇರಲಿಲ್ಲವೇ, ಬುದ್ಧಿ ಇರಲಿಲ್ಲವೇ? ಹಳ್ಳಿ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳು ಎಷ್ಟೋ ಕಡೆ ಹೀಗೆ ಹದಿನೈದು ಸೆಕೆಂಡಿನಲ್ಲಿ ಸೋಲುತ್ತಾರೆ.

ಸೋತು ಬ್ಯಾರಕ್‌ಗೆ ವಾಪಸು ಹೋದಾಗ "ಬನ್ನಿ ಸಾಹೇಬ್ರೇ" ಅಂತ ಜೊತೆಯವರು ತಮಾಷೆ ಮಾಡಿದರಂತೆ. ಅವನು ಅಲ್ಲಿಂದ ದಿನಾ ರಾತ್ರಿ ಒಂದು ಪುಟ ಇಂಗ್ಲಿಷಿನಲ್ಲಿ ಡೈರಿ ಬರೆಯಲು ಶುರು ಮಾಡಿದ. ತಿಂದದ್ದು, ಓಡಿದ್ದು, ಬೈಸಿಕೊಂಡದ್ದು ಎಲ್ಲ. ಹಳೆಯ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ. ಭಾನುವಾರ ಫೋನ್ ಮಾಡಿ ನನ್ನ ಮಗಳ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ. ಅವಳಿಗೆ ಆಗ ಹನ್ನೆರಡು ವರ್ಷ. ಮಾವನ ತಪ್ಪು ತಿದ್ದುವುದೆಂದರೆ ಅವಳಿಗೆ ಎಲ್ಲಿಲ್ಲದ ಹಿಗ್ಗು!

ಈ ನಡುವೆ ಅವ್ವ ಹೆಣ್ಣು ನೋಡಿಟ್ಟಿದ್ದಳು. ಒಳ್ಳೆಯ ಮನೆತನ, ನಮಗೆ ದೂರದ ಸಂಬಂಧವೂ ಹೌದು. 2014ರಲ್ಲಿ ಎರಡನೇ ಸಲಕ್ಕೆ ತಮ್ಮ ಪಾಸಾದ. ಊರಿಗೆ ಬಂದು "ನಾಲ್ಕು ವರ್ಷ ಮದುವೆ ಮಾತು ಬೇಡ" ಅಂದುಬಿಟ್ಟ. ಹುಡುಗಿಯ ಮನೆಯವರು ಎಷ್ಟು ದಿನ ಕಾಯುತ್ತಾರೆ? ಮುಂದಿನ ವೈಶಾಖದಲ್ಲೇ ಅವಳ ಮದುವೆ ಬೇರೆ ಕಡೆ ಆಯಿತು. ಆ ಮದುವೆಗೆ ನಾನು, ಅವ್ವ ಹೋಗಿ ಊಟ ಮಾಡಿ ಬಂದೆವು. ಬಸ್ಸಿನಲ್ಲಿ ಅವ್ವ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

2018ರ ಡಿಸೆಂಬರಿನಲ್ಲಿ ಡೆಹ್ರಾಡೂನಿಗೆ ಬನ್ನಿ ಎಂದು ಕರೆ ಬಂತು. ಅಕಾಡೆಮಿಯಲ್ಲಿ ಪೆರೇಡ್ ಮುಗಿದ ಮೇಲೆ ಹೊಸ ಆಫೀಸರ ಭುಜಕ್ಕೆ ನಕ್ಷತ್ರ ತೊಡಿಸುವ ಪದ್ಧತಿ ಇದೆ. ಹೆತ್ತವರೇ ತೊಡಿಸಬೇಕು. ಇದು ತಿಳಿದದ್ದೇ ಅವ್ವ ಬರುವುದಿಲ್ಲ ಎಂದು ಹಟ ಹಿಡಿದಳು. "ಕುಂಕುಮ ಇಲ್ಲದ ಕೈಯಲ್ಲಿ ಅಂಥಾ ಶುಭದ ವಸ್ತು ಮುಟ್ತಾರಾ? ನಿನ್ನ ಅಕ್ಕ, ಭಾವ ತೊಡಿಸಲಿ" ಅಂದಳು. ನಮ್ಮವರೂ ಸುಮ್ಮನಾದರು. ನಿಜ ಹೇಳಬೇಕೆಂದರೆ ನಾನೂ ಗಟ್ಟಿಯಾಗಿ ಬೇಡವೆನ್ನಲಿಲ್ಲ. ನಾಲ್ಕು ಜನ ಏನಂದಾರು ಎಂದು ನನಗೂ ಅಳುಕು. ತಮ್ಮ ಫೋನಿನಲ್ಲಿ ಇಷ್ಟೇ ಹೇಳಿದ. "ಅವ್ವ ಬರ್ದೇ ಇದ್ರೆ ನಾನೇ ಹಾಕ್ಕೋತೀನಿ."

ಬಂದಳು. ಚಕ್ಕುಲಿ, ಕೋಡುಬಳೆ ಡಬ್ಬ, ನಾನು ಹೆಣೆದ ಸ್ವೆಟರು, ಎರಡು ಶಾಲು, ಇಷ್ಟು ಹೊತ್ತು ರೈಲಿನಲ್ಲಿ ದೆಹಲಿ, ಅಲ್ಲಿಂದ ಡೆಹ್ರಾಡೂನು. ಆ ಚಳಿ ನಮ್ಮ ಹಾಸನದ ಚಳಿಯಲ್ಲ! ಪೆರೇಡಿನ ಕೊನೆಗೆ ಹುಡುಗರು ಆ ದೊಡ್ಡ ಕಟ್ಟಡದ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾರೆ. ಅದಕ್ಕೆ 'ಅಂತಿಮ ಪಗ್' ಎನ್ನುತ್ತಾರೆ, ಕೊನೆಯ ಹೆಜ್ಜೆ. ಅವನ ಸಾಲಿನಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗರೇ ಹೆಚ್ಚು, ಇವನಿಗೆ ಇಪ್ಪತ್ತೇಳು. ತಡವಾಗಿ ಶುರು ಮಾಡಿದವರಿಗೆ ಬಹಳ ಮೇಲಿನ ಹುದ್ದೆಗಳು ಸಿಗುವುದು ಕಷ್ಟ. ಅದು ಅವನಿಗೂ ಗೊತ್ತು.

ತೊಡಿಸುವ ಹೊತ್ತಿಗೆ ಅವ್ವನ ಬೆರಳು ನಡುಗುತ್ತಿತ್ತು. ಚಳಿಗೋ ಏನೋ. ಬಲ ಭುಜ ಅವಳದು, ಎಡ ಭುಜ ನನ್ನದು. ಒಂದೊಂದು ಕಡೆಗೂ ಎರಡೆರಡು ನಕ್ಷತ್ರ. ಪಕ್ಕದಲ್ಲಿ ಕಂಬಳಿಶಾಲು ಹೊದ್ದ ಒಬ್ಬ ಪಂಜಾಬಿ ಮುದುಕಿ ತನ್ನ ಮೊಮ್ಮಗನಿಗೆ ತೊಡಿಸುತ್ತಿದ್ದಳು, ಅವಳ ಹಣೆಯೂ ಬರಿದು. ಅವ್ವ ಅವಳನ್ನು ನೋಡಿದಳು, ಅವಳು ಅವ್ವನನ್ನು ನೋಡಿದಳು. ಭಾಷೆ ಇಬ್ಬರಿಗೂ ಬಾರದು, ನಕ್ಕರು.

ತಮ್ಮ ಎಲ್ಲರೆದುರಿಗೆ "ಅವ್ವ" ಅಂತಲೇ ಕರೆದು ಕಾಲಿಗೆ ಬಿದ್ದ. ಅಷ್ಟರಲ್ಲಿ ಅವನಿಗೆ ಡ್ರಿಲ್ ಕಲಿಸಿದ ಸುಬೇದಾರರು ಬಂದರು. ನರೆತ ಮೀಸೆ, ಹೆಚ್ಚುಕಡಿಮೆ ನಮ್ಮಪ್ಪನ ವಯಸ್ಸು. ನಿನ್ನೆಯವರೆಗೆ ಇವನನ್ನು ಬೈದು ಓಡಿಸುತ್ತಿದ್ದವರು ಎದುರಿಗೆ ನಿಂತು ಟಪ್ಪೆಂದು ಸೆಲ್ಯೂಟ್ ಹೊಡೆದರು. ತಮ್ಮನೂ ಹೊಡೆದ. ಅವ್ವನಿಗೆ ಏನು ತೋಚಿತೋ, ಸೆರಗು ಸರಿಮಾಡಿಕೊಂಡು ಆ ಸುಬೇದಾರರಿಗೆ ಕೈ ಮುಗಿದಳು.