ಒಂದೇ ಚಿತ್ರ, ಮೂರು ತೀರ್ಪು: ಛಾಯಾಚಿತ್ರದ ಗುಣ ಅಳೆಯುವುದು ಹೇಗೆ?

ಬೆಂಗಳೂರು: ಮುಂಜಾನೆಯ ಹಲಸೂರು ಕೆರೆ. ನೀರಿನ ಮೇಲೆ ತೆಳುಮಂಜು, ದಡದಲ್ಲಿ ಬೆಳ್ಳಕ್ಕಿ, ಪಕ್ಕದಲ್ಲೇ ತೇಲುವ ಪ್ಲಾಸ್ಟಿಕ್ ಚೀಲ. ಇಂಥದೊಂದು ಚಿತ್ರವನ್ನು ನೀವು ತೆಗೆದಿದ್ದೀರಿ ಎಂದುಕೊಳ್ಳಿ. ಚೀಲವನ್ನು ಅಳಿಸಿದರೆ ಚೆನ್ನ ಎನ್ನುತ್ತಾರೆ ಒಬ್ಬರು. ಚೀಲವಿದ್ದರೇ ಅದು ಸುದ್ದಿ ಎನ್ನುತ್ತಾರೆ ಇನ್ನೊಬ್ಬರು. ಇದರಲ್ಲಿ ಹೊಸ ವಿಚಾರವೇನಿದೆ ಎಂದು ಕೇಳುತ್ತಾರೆ ಮತ್ತೊಬ್ಬರು. ಮೂವರಲ್ಲಿ ಯಾರ ಮಾತು ಸರಿ?

ಮೂವರದೂ ಸರಿಯೇ. ಏಕೆಂದರೆ ಅವರು ಅಳೆಯುತ್ತಿರುವುದು ಬೇರೆ ಬೇರೆ ಗುಣಗಳನ್ನು.

ಅಂಕಗಳ ಲೆಕ್ಕ

ಮೊದಲನೆಯದು ಸ್ಪರ್ಧೆಯ ಅಳತೆಗೋಲು. ನಗರದಲ್ಲಿ 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಘಗಳು ಬೆಳೆಸಿದ 'ಸಲೋನ್' ಪರಂಪರೆಯಲ್ಲಿ ಸಂಯೋಜನೆ, ಬೆಳಕು, ಸ್ಫುಟತೆಗಳಿಗೆ ಪ್ರಾಧಾನ್ಯ. ಸಾಮಾನ್ಯವಾಗಿ ಮೂವರು ತೀರ್ಪುಗಾರರು ನೀಡಿದ ಅಂಕಗಳನ್ನು ಕೂಡಿಸಲಾಗುತ್ತದೆ. ಇಬ್ಬರು ತಲಾ 9 ಕೊಟ್ಟು ಮೂರನೆಯವರು 2 ಕೊಟ್ಟರೆ ಮೊತ್ತ 20. ಮೂವರೂ 7 ಕೊಟ್ಟ ಚಿತ್ರಕ್ಕೆ 21. ಹೀಗೆ ಯಾರಿಗೂ ಬೇಸರ ತರದ ಚಿತ್ರ, ಇಬ್ಬರನ್ನು ಬೆರಗುಗೊಳಿಸಿದ ಚಿತ್ರವನ್ನು ಹಿಂದಿಕ್ಕಬಹುದು.

ವಿಭಾಗ ಬದಲಾದರೆ ನಿಯಮವೂ ಬದಲಾಗುತ್ತದೆ. ಅಂತರರಾಷ್ಟ್ರೀಯ ಛಾಯಾಚಿತ್ರ ಒಕ್ಕೂಟ 'ಫಿಯಾಪ್' ಹಾಗೂ ಅಮೆರಿಕ, ಬ್ರಿಟನ್‌ಗಳ ಪ್ರಮುಖ ಸಂಸ್ಥೆಗಳು 2014ರಲ್ಲಿ ಒಪ್ಪಿದ ವ್ಯಾಖ್ಯೆಯಂತೆ, ನಿಸರ್ಗ ವಿಭಾಗದ ಚಿತ್ರದಲ್ಲಿ ಅಂಚು ಕತ್ತರಿಸಬಹುದೇ ಹೊರತು ಒಳಗಿನ ವಸ್ತುವನ್ನು ಅಳಿಸುವಂತಿಲ್ಲ. ಮನುಷ್ಯನ ಕುರುಹು ನಿಸರ್ಗದ ಕಥೆಗೆ ಅನಿವಾರ್ಯವಲ್ಲದಿದ್ದರೆ ಅದೂ ಇರುವಂತಿಲ್ಲ. ಚೀಲ ಉಳಿದರೂ ತೊಂದರೆ, ಅಳಿಸಿದರೂ ತೊಂದರೆ! ಆದರೆ ಮುಕ್ತ ವಿಭಾಗದಲ್ಲಿ ಸಾಮಾನ್ಯವಾಗಿ ಇಂಥ ತಿದ್ದುಪಡಿಗೆ ಅವಕಾಶವಿದೆ.

ಸುದ್ದಿಮನೆ, ಕಲಾಶಾಲೆ

ಪತ್ರಿಕೆಯ ಅಳತೆಗೋಲು ಬೇರೆ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಮಕ್ಕಳು, ಶ್ರಮಿಕರು, ಸಾಮಾನ್ಯರ ದಿನನಿತ್ಯದ ಬದುಕನ್ನು ಸೆರೆಹಿಡಿದು ಹೆಸರಾದವರು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಂಥ ಚಿತ್ರಗಳಲ್ಲಿ ಕೃತಕ ಅಲಂಕಾರಕ್ಕಿಂತ ಆ ಕ್ಷಣದ ಸತ್ಯವೇ ಮುಖ್ಯ.

ಕಲಾವಿದರು ಇದನ್ನೂ ಪ್ರಶ್ನಿಸಿದರು. ಬೆಂಗಳೂರಿನ ಪುಷ್ಪಮಾಲಾ ಎನ್. ಮತ್ತು ಕ್ಲೇರ್ ಆರ್ನಿ 2000ರಿಂದ 2004ರವರೆಗೆ ರೂಪಿಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ, ರವಿವರ್ಮನ ಚಿತ್ರ, ಸಿನಿಮಾ ದೃಶ್ಯ ಮುಂತಾದವುಗಳನ್ನು ಹೋಲುವ ವೇಷ ಧರಿಸಿ ಪುಷ್ಪಮಾಲಾ ತಾವೇ ಕ್ಯಾಮೆರಾ ಎದುರು ನಿಂತರು. ಸುದ್ದಿಪುಟದಲ್ಲಿ ವಂಚನೆ ಎನಿಸಬಹುದಾದ ನಟನೆಯೇ ಇಲ್ಲಿ ಕೃತಿಯ ತಿರುಳು. ದಂಡು ಪ್ರದೇಶದ ಅಂಚಿನಲ್ಲಿರುವ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ಬಾಗಿಲು ತೆರೆದ ಮೇಲೆ, ಇಂತಹ ಭಿನ್ನ ಅಭಿರುಚಿಗಳನ್ನು ಹೋಲಿಸಿ ನೋಡುವುದು ನಗರದ ಆಸಕ್ತರಿಗೆ ಸುಲಭವಾಗಿದೆ.

ರುಚಿಗೆ ಮೀರಿದ್ದು

ಹಾಗಾದರೆ ಎಲ್ಲವೂ ಅಭಿರುಚಿಯ ಮಾತೇ? ಅಲ್ಲ. ಬ್ರಿಟನ್ನಿನ 2009ರ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಗೇಟು ಹಾರುವ ತೋಳದ ಚಿತ್ರ ಪ್ರಥಮ ಸ್ಥಾನ ಪಡೆದಿತ್ತು. ಅದು ಪಳಗಿಸಿದ ತೋಳವಿರಬೇಕೆಂಬ ತೀರ್ಮಾನಕ್ಕೆ ಬಂದ ಸಂಘಟಕರು 2010ರ ಜನವರಿಯಲ್ಲಿ ಪ್ರಶಸ್ತಿ ಹಿಂಪಡೆದರು. ಛಾಯಾಗ್ರಾಹಕರು ಆರೋಪವನ್ನು ನಿರಾಕರಿಸಿದ್ದರು. ಚಿತ್ರದ ಅಂದ ಎಳ್ಳಷ್ಟೂ ಕುಂದಿರಲಿಲ್ಲ, ಹೋದದ್ದು ನಂಬಿಕೆ.

ಆದ್ದರಿಂದ ಚಿತ್ರ ಕಳುಹಿಸುವ ಮುನ್ನ ಅಲ್ಲಿನ ಅಳತೆಗೋಲು ಯಾವುದೆಂದು ತಿಳಿಯುವುದು ಒಳಿತು. ಬಹುಮಾನ ಬಾರದ ಚಿತ್ರವನ್ನು ಅಳಿಸಿಬಿಡಬೇಡಿ. ಸ್ಪರ್ಧೆಯಲ್ಲಿ ಸೋತ ಆ ಚೀಲದ ಚಿತ್ರ, ಮುಂದೊಂದು ದಿನ ಕೆರೆಯ ಸ್ಥಿತಿ ಹೇಗಿತ್ತೆಂಬುದಕ್ಕೆ ಸಾಕ್ಷಿಯಾಗಬಹುದು.